ಸಂಕ್ರಾಂತಿಗೆ ಅಮ್ಮನ ಜೊತೆ ಜೈಪುರ: ನಾಲ್ಕು ದಿನದಲ್ಲಿ ಏನೇನು ಬಿಡಲಿ?

ನಾಗರಬಾವಿ ಹುಡುಗ:

ಎಲ್ಲರಿಗೂ ನಮಸ್ಕಾರ. ಜನವರಿ 12ಕ್ಕೆ ಬೆಂಗಳೂರು ಬಿಟ್ಟು 16ಕ್ಕೆ ವಾಪಸ್. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಜೊತೆಗೆ ಅಮ್ಮ. ಅಮ್ಮನಿಗೆ 68. ಎರಡೂ ಮಂಡಿ ನೋವು. ಸಮತಟ್ಟಾಗಿದ್ದರೆ ಅರ್ಧ ಗಂಟೆ ನಡೀತಾರೆ, ಮೆಟ್ಟಿಲು ಅಂದರೆ ಮುಖ ಸಣ್ಣದಾಗುತ್ತದೆ.

ಟ್ರಾವೆಲ್ಸ್‌ನವರು ಕಳಿಸಿದ ಪಟ್ಟಿಯಲ್ಲಿ ಮೊದಲ ದಿನವೇ ಆಮೇರ್, ಜೈಗಢ, ನಾಹರ್‌ಗಢ ಮೂರೂ ಇವೆ. ಎರಡನೇ ದಿನ ಸಿಟಿ ಪ್ಯಾಲೇಸ್, ಹವಾ ಮಹಲ್, ಜಂತರ್ ಮಂತರ್, ಆಲ್ಬರ್ಟ್ ಹಾಲ್, ಸಂಜೆ ಶಾಪಿಂಗ್. ಇದನ್ನು ನೋಡಿಯೇ ಅಮ್ಮ "ನಾನು ರೂಮಲ್ಲೇ ಇರ್ತೀನಪ್ಪ, ನೀವು ಹೋಗಿ ಬನ್ನಿ" ಅಂತ ಈಗಲೇ ಶುರು ಮಾಡಿದ್ದಾರೆ. ರೂಮಲ್ಲಿ ಕೂರಿಸೋಕೆ ಅಷ್ಟು ದೂರ ಕರೆದುಕೊಂಡು ಹೋಗಬೇಕಾ? ಹಬ್ಬದ ಹೊತ್ತಲ್ಲಿ ಮನೆ ಬೀಗ ಹಾಕೋದೂ ಅವರಿಗೆ ಇಷ್ಟವಿಲ್ಲ. ನನಗೆ ರಜೆ ಸಿಕ್ಕಿದ್ದೇ ಆಗ. ಮಗನಿಗೆ ಒಂದೇ ಬೇಡಿಕೆ, ದೊಡ್ಡ ಫಿರಂಗಿ.

ಏನು ನೋಡಲಿ ಅಂತ ಕೇಳ್ತಿಲ್ಲ. ಏನು ಬಿಡಲಿ, ಹೇಳಿ.

ಭುಜಕ್ಕೆ ಬ್ಯಾಗು:

ಮೂರು ಕೋಟೆ ಒಂದೇ ದಿನಕ್ಕೆ ಆರಾಮಾಗಿ ಆಗುತ್ತೆ ಗುರು. ನಾವು ನಾಲ್ಕು ಜನ ಬಾಡಿಗೆ ಬೈಕಲ್ಲಿ ಮಾಡಿದ್ವಿ. ಬೆಳಗ್ಗೆ ಎಂಟಕ್ಕೆ ಆಮೇರ್, ಮಧ್ಯಾಹ್ನ ಜೈಗಢ, ಸೂರ್ಯ ಮುಳುಗೋಕೆ ನಾಹರ್‌ಗಢ. ಅಮ್ಮನಿಗೆ ಆನೆ ಸವಾರಿ ಮಾಡಿಸಿ, ಮೆಟ್ಟಿಲಿನ ತಾಪತ್ರಯವೇ ಇರಲ್ಲ.

ವಾಚ್ ಫ್ಯಾಕ್ಟರಿ ಮಗಳು:

ಬ್ಯಾಗಿನವರೇ, ಬೈಕಲ್ಲಿ ಆಗುತ್ತೆ, ಒಪ್ಪಿದೆ. ಮಂಡಿಯಲ್ಲಿ ಆಗಲ್ಲ. ಇದೇ ಪಟ್ಟಿ ಇಟ್ಟುಕೊಂಡು ನಾನೂ ಹೋಗಿ ಬಂದವಳು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದ್ದೇನೆ. ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ನಾವು ಹೋಗಿದ್ದು ಡಿಸೆಂಬರ್ ಕೊನೆಯ ವಾರ. ನಾನು ಮತ್ತು ಅಮ್ಮ, ಇಬ್ಬರೇ. ಅಮ್ಮನಿಗೆ 77. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ 28 ವರ್ಷ ಅಸೆಂಬ್ಲಿಯಲ್ಲಿ ಕೂತು ರಿಟೈರ್ ಆದವಳು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತಿ ಕೂರಿಸಿದ ಕೈ ಅದು. ಕಣ್ಣು ಇನ್ನೂ ಚುರುಕು, ಮಂಡಿ ಮಾತ್ರ ಕೈಕೊಟ್ಟಿದೆ.

ಮೊದಲ ದಿನ ಆಮೇರ್. ಕೋಟೆ ಊರಿಂದ 11 ಕಿಲೋಮೀಟರ್. ಕೆಳಗಿಂದ ಜೀಪಲ್ಲಿ ಹೋದೆವು. ಆನೆ ಬೇಡ ಅಂದಿದ್ದು ಅಮ್ಮನೇ. ಸಾಲಾಗಿ ಹತ್ತುತ್ತಿದ್ದ ಆನೆಗಳನ್ನು ನೋಡಿ "ಅದಕ್ಕೂ ಮಂಡಿ ಇರುತ್ತೆ ಕಣೇ" ಅಂದಳು. ಆನೆಯಾಗಲಿ ಜೀಪಾಗಲಿ, ಕೋಟೆಯ ಮೊದಲ ಅಂಗಳದ ತನಕ ಮಾತ್ರ. ದರ್ಬಾರು ನಡೀತಿದ್ದ ದಿವಾನ್-ಎ-ಆಮ್‌ಗೆ ಅಲ್ಲಿಂದ ಮೆಟ್ಟಿಲು ಹತ್ತಲೇಬೇಕು. ಅದು ಎತ್ತರದ ಮೆಟ್ಟಿಲು, ಮನೆ ಮೆಟ್ಟಿಲಿನ ಥರ ಅಲ್ಲ. ಒಂದೊಂದಕ್ಕೂ ನಿಂತು, ಉಸಿರು ತೆಗೆದುಕೊಂಡು, ಗಣೇಶ ಪೋಲ್ ಮುಂದೆ ಬರೋ ಹೊತ್ತಿಗೆ ಅಮ್ಮ ನೆರಳಲ್ಲಿ ಒಂದು ಕಟ್ಟೆ ಹಿಡಿದು ಕೂತಳು. ಬ್ಯಾಗಿಂದ ಕೋಡುಬಳೆ ಡಬ್ಬಿ ತೆಗೆದಳು. "ನೀನು ಕನ್ನಡಿ ಮನೆ ನೋಡ್ಕೊಂಡು ಬಾ, ನಾನು ಈ ಬಾಗಿಲು ನೋಡ್ತೀನಿ." ಸುಮಾರು ಮುಕ್ಕಾಲು ಗಂಟೆ ಆ ಬಾಗಿಲನ್ನೇ ನೋಡಿದ್ದಾಳೆ. ಆಮೇಲೆ ರೂಮಲ್ಲಿ, ಮೇಲಿನ ಜಾಲಂಧ್ರ ಎಷ್ಟು, ಹೂವಿನ ಚಿತ್ತಾರಕ್ಕೆ ಯಾವ ಬಣ್ಣ ಅಂತ ನನಗೆ ಪಾಠ ಮಾಡಿದಳು. ಶೀಶ್ ಮಹಲ್ ನೋಡಿ ಬಂದ ನನಗೆ ನೆನಪಿದ್ದದ್ದು ಜನರ ಮೊಬೈಲು ಮಾತ್ರ.

ಅಲ್ಲಿಗೇ ನಿಲ್ಲಿಸಬೇಕಿತ್ತು. ದುಡ್ಡು ಕೊಟ್ಟಾಗಿದೆ ಅಂತ ಜೈಗಢಕ್ಕೂ ಹೋದೆವು, ನಾಹರ್‌ಗಢಕ್ಕೂ ಹೋದೆವು. ಅಮ್ಮ ಎರಡೂ ಕಡೆ ಕಾರಿಂದ ಇಳಿಯಲಿಲ್ಲ. ಇದರ ನಡುವೆ ಡ್ರೈವರ್ "ಸರ್ಕಾರಿ ಅಂಗಡಿ, ಐದೇ ನಿಮಿಷ" ಅಂತ ಒಂದು ಕಡೆ ನಿಲ್ಲಿಸಿದ. ಸರ್ಕಾರಿಯೂ ಅಲ್ಲ, ಐದು ನಿಮಿಷವೂ ಅಲ್ಲ. ಒಂದೂಕಾಲು ಗಂಟೆ ಆದಮೇಲೆ ಬೇಡದ ಎರಡು ರಜಾಯಿ ಹೊತ್ತುಕೊಂಡು ಹೊರಗೆ ಬಂದೆ. ನಮ್ಮ ಬೆಂಗಳೂರಿನ ಚಳಿಗೆ ರಜಾಯಿ! ಅಟ್ಟದ ಮೇಲಿವೆ, ಬೇಕಾದವರು ಹೇಳಿ. ರಾತ್ರಿ ಅಮ್ಮನ ಮಂಡಿ ಊದಿಕೊಂಡು ತೆಂಗಿನಕಾಯಿ ಆಗಿತ್ತು.

ಎರಡನೇ ದಿನ ಆ ಪಟ್ಟಿಯನ್ನು ಹರಿದು ಹಾಕಿದೆ. ಎದ್ದಾಗ ಒಂಬತ್ತೂವರೆ. ತಿಂಡಿ ತಿಂದು ಜಂತರ್ ಮಂತರ್‌ಗೆ ಹೋದೆವು. ಅದೊಂದೇ. ಬೇರೆ ಏನೂ ಇಟ್ಟುಕೊಳ್ಳಲಿಲ್ಲ.

ಎಲ್ಲರೂ ಅಲ್ಲಿ ಇಪ್ಪತ್ತು ನಿಮಿಷ ಸುತ್ತಿ, "ಏನೋ ಸಿಮೆಂಟಿನ ಜಾರುಬಂಡೆ ಥರ ಇದೆ" ಅಂತ ಹೊರಡ್ತಾರೆ. ಜೈಪುರ ಕಟ್ಟಿಸಿದ ಸವಾಯಿ ಜೈಸಿಂಗನೇ ಕಟ್ಟಿಸಿದ ವೀಕ್ಷಣಾಲಯ ಅದು. ದೆಹಲಿ, ಉಜ್ಜಯಿನಿ, ಕಾಶಿ, ಮಥುರೆಯಲ್ಲೂ ಕಟ್ಟಿಸಿದ್ದ, ದೊಡ್ಡದು ಇದು. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬಹುಪಾಲು ಸಮತಟ್ಟು ನೆಲ, ಕೂರೋಕೆ ಜಾಗ ಇದೆ. ಅಲ್ಲಿರುವ ಸಮ್ರಾಟ್ ಯಂತ್ರ ಅಂದರೆ 27 ಮೀಟರ್ ಎತ್ತರದ ಒಂದು ಬಿಸಿಲು ಗಡಿಯಾರ. ನಡುವೆ ಓರೆಯಾಗಿ ಮೇಲಕ್ಕೆ ಹೋದ ಗೋಡೆ. ಎರಡು ಕಡೆ ರೆಕ್ಕೆ ಥರ ಬಾಗಿದ ಕಲ್ಲಿನ ಕಮಾನು, ಅದರ ಮೇಲೆ ಗೆರೆಗಳು. ಗೋಡೆಯ ನೆರಳು ಯಾವ ಗೆರೆ ಮೇಲೆ ಬೀಳುತ್ತದೋ ಅದೇ ಟೈಮು. ಗೆರೆಗಳು ಎಷ್ಟು ಸಣ್ಣ ಅಂದರೆ ಎರಡು ಸೆಕೆಂಡಿನ ತನಕ ಓದಬಹುದು.

ನಾವು ಹೋದಾಗ ಹನ್ನೊಂದೂವರೆ. ನೆರಳು ಪಶ್ಚಿಮದ ಕಮಾನಿನ ಕೆಳಭಾಗಕ್ಕೆ ಇಳಿದಿತ್ತು. ಗೈಡ್ ಒಂದು ಕಡ್ಡಿಯನ್ನು ನೆರಳಿನ ಅಂಚಿಗೆ ಹಿಡಿದು "ಮಾತಾಜಿ, ಈಗ ನೋಡ್ತಾ ಇರಿ" ಅಂದ. ಅಮ್ಮ ಕನ್ನಡಕ ಹಣೆಗೇರಿಸಿ ಬಗ್ಗಿದಳು. ಫ್ಯಾಕ್ಟರಿಯಲ್ಲಿ ಹೀಗೇ ಬಗ್ಗುತ್ತಿದ್ದಳಂತೆ. ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ ಆ ನೆರಳು, ನಿಮಿಷಕ್ಕೆ ಹತ್ತಿರ ಹತ್ತಿರ 6 ಸೆಂಟಿಮೀಟರ್. ಕಣ್ಣಿಗೆ ಕಾಣೋ ಹಾಗೆ ನಡೆಯುತ್ತದೆ. ಕಡ್ಡಿ ಬಿಟ್ಟು ನೆರಳು ಜಾರಿ ಹೋಗಿದ್ದನ್ನು ನೋಡಿ ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಇದು ಸೆಕೆಂಡ್ ಮುಳ್ಳು ಕಣೇ!"

ಆಮೇಲೆ ಶುರುವಾಯಿತು ಜಗಳ. ಅಮ್ಮನ ಕೈಯಲ್ಲಿ ಅವಳ ಫ್ಯಾಕ್ಟರಿಯದೇ ಸುಜಾತಾ ವಾಚು, ದಿನಾ ಕೀ ಕೊಡುವಂಥದ್ದು. ಅದರಲ್ಲಿ 11:30. ನೆರಳಲ್ಲಿ 11 ದಾಟಿ ಮೂರು ನಿಮಿಷ. "ನಿಮ್ಮದು ಸ್ಲೋ ಇದೆ" ಅಂತ ಅಮ್ಮ ತನ್ನ ಕನ್ನಡ-ಹಿಂದಿಯಲ್ಲಿ ಗೈಡಿಗೆ ಹೇಳಿದಳು. ಅವನು ನಕ್ಕು, ಇದು ಜೈಪುರದ ಸ್ವಂತ ಟೈಮು, ಭಾರತದ ಟೈಮಿಗೆ ಇನ್ನು 27 ನಿಮಿಷ ಸೇರಿಸಿ ಅಂದ. ಸೇರಿಸಿದಳು. ಸರಿಹೋಯಿತು. ವಾಚನ್ನು ಒಂದು ಸಲ, ಗೋಡೆಯನ್ನು ಒಂದು ಸಲ ನೋಡಿ ಅಮ್ಮ ಹೇಳಿದ ಮಾತು ಇಷ್ಟು: "ಕೀ ಕೊಡಂಗಿಲ್ಲ, ಎಣ್ಣೆ ಬಿಡಂಗಿಲ್ಲ. ನಮ್ಮನ್ನೆಲ್ಲ ಯಾಕೆ ಕೆಲಸಕ್ಕೆ ಇಟ್ಕೊಂಡ್ರೋ."

ಎರಡೂವರೆ ಗಂಟೆ ಇದ್ದೆವು ಅಲ್ಲಿ. ಮಂಡಿ ನೋವಿನ ಮಾತೇ ಬರಲಿಲ್ಲ.

ಮೂರನೇ ದಿನ ಪಕ್ಕದಲ್ಲೇ ಇರುವ ಸಿಟಿ ಪ್ಯಾಲೇಸ್. ಅಂಗಳದಿಂದ ಅಂಗಳಕ್ಕೆ ನಿಧಾನಕ್ಕೆ ಹೋಗಬಹುದು. 345 ಕಿಲೋ ತೂಕದ ಎರಡು ಬೆಳ್ಳಿ ಹಂಡೆ ಇವೆ, ಒಂದೊಂದೂ ಅಷ್ಟು ತೂಕ. 1902ರಲ್ಲಿ ಎರಡನೇ ಮಾಧೋಸಿಂಗ್ ಇಂಗ್ಲೆಂಡಿಗೆ ಹೊರಟಾಗ ಗಂಗಾಜಲ ತುಂಬಿಸಿಕೊಂಡು ಹೋದ ಹಂಡೆಗಳು. ಪರದೇಶದ ನೀರು ಕುಡಿಯಬಾರದಲ್ಲ! ಬಿಸ್ಲೇರಿ ಕ್ಯಾನ್ ಹೊತ್ತುಕೊಂಡು ಟೂರ್ ಹೋಗೋ ನನ್ನ ಮಾವನ ನೆನಪಾಯಿತು.

ಹವಾ ಮಹಲನ್ನು ಬಿಡಬೇಡಿ. ಮಂಡಿ ನೋವಿನವರಿಗೇ ಮಾಡಿದ ಹಾಗಿದೆ. 1799ರಲ್ಲಿ ಸವಾಯಿ ಪ್ರತಾಪಸಿಂಗ್ ಕಟ್ಟಿಸಿದ್ದು. ಐದು ಅಂತಸ್ತು, 953 ಕಿಟಕಿ. ಆದರೆ ಮೇಲೆ ಹೋಗೋಕೆ ಮೆಟ್ಟಿಲಿನ ಬದಲು ಇಳಿಜಾರು ದಾರಿ. ರಾಣಿಯರ ಪಲ್ಲಕ್ಕಿ ಹೋಗಲಿ ಅಂತ ಮಾಡಿದ್ದಂತೆ. ಅಮ್ಮ ನನ್ನ ಭುಜ ಹಿಡಿದು ಎರಡು ಅಂತಸ್ತು ಹತ್ತಿದಳು. ರಸ್ತೆಯಿಂದ ಒಳಗೆ ಬಾಗಿಲಿಲ್ಲ, ಹಿಂದಿನಿಂದ ಹೋಗಬೇಕು. ಡ್ರೈವರ್ ಮುಂದೆ ಇಳಿಸಿದರೆ ಒಂದು ಸುತ್ತು ಸುಮ್ನೆ ನಡೀಬೇಕಾಗುತ್ತೆ, ನೋಡ್ಕೊಳ್ಳಿ.

ಊರೆಲ್ಲ ಗುಲಾಬಿ ಅಂತಾರೆ, ನನಗಂತೂ ಹೊಸಿಲಿಗೆ ಬಳಿಯೋ ಕೆಮ್ಮಣ್ಣು ಕಂಡಿತು. ಬಣ್ಣ 1876ರದ್ದು, ಇಂಗ್ಲೆಂಡಿನ ಯುವರಾಜ ಬರ್ತಾನೆ ಅಂತ ಬಳಿಸಿದ್ದು. ಊರಿಗೆ 1727ರಲ್ಲಿ ನಕ್ಷೆ ಹಾಕಿದ ವಿದ್ಯಾಧರ ಭಟ್ಟಾಚಾರ್ಯ ಮೊದಲು ಲೆಕ್ಕಪತ್ರ ನೋಡುತ್ತಿದ್ದವನಂತೆ. ಬ್ಯಾಂಕಿನಲ್ಲಿ ಲೆಡ್ಜರ್ ನೋಡಿ ಸವೆದ ನನಗೆ ಇದು ತುಂಬ ಹಿಡಿಸಿತು.

ಇನ್ನೊಂದು ಜಾಗ. ತ್ರಿಪೋಲಿಯಾ ಬಜಾರಿನಲ್ಲಿ ಮಣಿಹಾರೋಂ ಕಾ ರಾಸ್ತಾ ಅಂತ ಒಂದು ಗಲ್ಲಿ. ಅಲ್ಲಿಯ ಬಳೇಪೇಟೆ ಅಂದುಕೊಳ್ಳಿ. ಅರಗಿನ ಬಳೆ ಕಣ್ಣ ಮುಂದೆ ಮಾಡಿ ಕೊಡ್ತಾರೆ. ಅಮ್ಮನ ಬೆರಳ ಗಂಟುಗಳು ದಪ್ಪ, ಗಾಜಿನ ಬಳೆ ಏರಿ ಹತ್ತು ವರ್ಷವಾಗಿತ್ತು. ಕೂತಿದ್ದ ಹೆಂಗಸು ಅಮ್ಮನ ಕೈಯನ್ನು ಎರಡು ಸಲ ಮಡಿಸಿ ನೋಡಿದಳು. ಅಳತೆ ಪಟ್ಟಿ ಇಲ್ಲ, ಏನಿಲ್ಲ. ಕೆಂಡದ ಮೇಲೆ ಅರಗನ್ನು ಕಾಯಿಸಿ, ಮರದ ಹಿಡಿಯಲ್ಲಿ ಉಜ್ಜಿ ಉಜ್ಜಿ ಕಡ್ಡಿ ಮಾಡಿ, ಬಗ್ಗಿಸಿ, ಎರಡು ತುದಿ ಕೂಡಿಸಿ, ಬಿಸಿ ಆರುವ ಮುಂಚೆ ಒಂದೊಂದೇ ಹರಳು ಒತ್ತಿದಳು. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಬಳೆ ಗಂಟು ದಾಟಿ ಮಣಿಕಟ್ಟಿಗೆ ಸಲೀಸಾಗಿ ಹೋಯಿತು. ನಾಲ್ಕು ಕೊಂಡೆವು. ಚೌಕಾಸಿ ಮಾಡಬೇಡ ಅಂತ ಅಮ್ಮ ನನ್ನನ್ನು ತಿವಿದಳು. ಕೈಕೆಲಸಕ್ಕೆ ಕೈಕೆಲಸದವಳ ಮರ್ಯಾದೆ.

ಕೊನೆಯ ಸಂಜೆ ಆಟೋದವನಿಗೆ "ಒಳ್ಳೆ ಲಸ್ಸಿ" ಅಂದೆವು. "ಎಂಐ ರೋಡ್" ಅಂದ. ಎಲ್ಲರೂ ಹಾಗೇ ಅನ್ನೋದು. ಇಳಿದಾಗ ಬೋರ್ಡ್ ನೋಡಿದೆ: ಮಿರ್ಜಾ ಇಸ್ಮಾಯಿಲ್ ರೋಡ್. ನಮ್ಮ ಸರ್ ಮಿರ್ಜಾನೇ! ಬೆಂಗಳೂರಲ್ಲಿ ಹುಟ್ಟಿದವರು, 1926ರಿಂದ 1941ರ ತನಕ ಮೈಸೂರಿನ ದಿವಾನರು, ಬೃಂದಾವನ ಮಾಡಿಸಿದವರು. ಅಲ್ಲಿ ಬಿಟ್ಟಮೇಲೆ 1942ರಲ್ಲಿ ಜೈಪುರದ ಪ್ರಧಾನಮಂತ್ರಿ ಆಗಿ ಹೋಗಿ 1946ರ ತನಕ ಇದ್ದರು. ನಾನು ಲಸ್ಸಿ ಅಂಗಡಿಯವನಿಗೆ "ಇವರು ನಮ್ಮೂರವರು" ಅಂದೆ. ಅವನು "ಯಾರು?" ಅಂದ. ಅಮ್ಮ ಮಣ್ಣಿನ ಕುಡಿಕೆ ಕೈಯಲ್ಲಿ ಹಿಡಿದು, ಅವನಿಗೆ ಅರ್ಥವಾಗುತ್ತೋ ಇಲ್ಲವೋ ನೋಡದೆ, ನಮ್ಮ ಟೌನ್‌ಹಾಲಿನ ಕಂಬಗಳಿಂದ ಶುರು ಮಾಡಿ ಎಲ್ಲ ಹೇಳಿದಳು. ಪಾಪ, ಕೇಳಿಸಿಕೊಂಡ.

ಈಗ ನಿಮ್ಮ ಪ್ರಶ್ನೆ. ನಾಹರ್‌ಗಢ ಬಿಡಿ. ಆಲ್ಬರ್ಟ್ ಹಾಲನ್ನು ರಾತ್ರಿ ದೀಪ ಹಾಕಿದಾಗ ಹೊರಗಿಂದ ನೋಡಿ, ಸಾಕು. ಜಲ ಮಹಲ್ ಕೆರೆ ನಡುವೆ ಇದೆ, ದಂಡೆಯಿಂದ ನೋಡೋದು ಅಷ್ಟೇ. ಆಮೇರ್‌ಗೆ ಬೆಳಗ್ಗೆ ಬೇಗ ಹೋಗಿ, ಅಮ್ಮನಿಗೆ ಗಣೇಶ ಪೋಲ್ ಸಾಕು. ಮಗನ ಫಿರಂಗಿ ಜೈಗಢದಲ್ಲಿ, ಕಾರು ಮೇಲಿನ ತನಕ ಹೋಗುತ್ತದೆ. ನೀವಿಬ್ಬರು ಹೋಗಿ ಬನ್ನಿ. ಅತ್ತೆ ಸೊಸೆ ಬಳೆ ಗಲ್ಲಿಗೆ ಹೋಗಲಿ.

ಗಣಿತದ ಮೇಷ್ಟ್ರು:

ಮೇಡಂ, ಬರಹ ಚೆನ್ನಾಗಿದೆ, ಒಂದು ತಿದ್ದುಪಡಿ. 27 ನಿಮಿಷದ ಲೆಕ್ಕ ನಿಮಗೆ ಸರಿಹೋಗಿದ್ದು ಡಿಸೆಂಬರ್ ಕೊನೆ ಆಗಿದ್ದಕ್ಕೆ. ಭಾರತದ ಟೈಮು 82.5 ಡಿಗ್ರಿ ರೇಖಾಂಶದ್ದು. ಜೈಪುರ ಇರೋದು ಸುಮಾರು 75.8ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ, ಅಲ್ಲಿಗೆ 27. ಆದರೆ ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಮೇಲಾಗಿ ಅದು ವಾಲಿಕೊಂಡು ತಿರುಗುತ್ತದೆ. ಹಾಗಾಗಿ ಸೂರ್ಯ ವರ್ಷವಿಡೀ ಗಡಿಯಾರಕ್ಕೆ ಸರಿಯಾಗಿ ಬರಲ್ಲ. ಡಿಸೆಂಬರ್ 25ರ ಸುಮಾರಿಗೆ ಆ ವ್ಯತ್ಯಾಸ ಸೊನ್ನೆ. ಸಂಕ್ರಾಂತಿ ಹೊತ್ತಿಗೆ ಸೂರ್ಯ ಸುಮಾರು 9 ನಿಮಿಷ ತಡ. ನಾಗರಬಾವಿಯವರು 36 ಸೇರಿಸಬೇಕು. ಇಲ್ಲದಿದ್ದರೆ ಒಂಬತ್ತು ವರ್ಷದ ಹುಡುಗ ಜೈಸಿಂಗನಿಗೆ ಸೊನ್ನೆ ಮಾರ್ಕ್ಸ್ ಕೊಡ್ತಾನೆ.

ಹೊರಡೋ ಮುಂಚೆ ನಿಮ್ಮ ತಾರಸಿ ಮೇಲೆ ಒಂದು ಕೋಲು ನೆಟ್ಟು ಅವನಿಗೆ ತೋರಿಸಿ. ಬೆಂಗಳೂರಿಗೆ 20 ಮತ್ತು 9. ಆ ದಿನಗಳಲ್ಲಿ ನೆರಳು ಅತಿ ಗಿಡ್ಡ ಆಗೋದು 12 ಗಂಟೆಗಲ್ಲ, 12:29ರ ಹೊತ್ತಿಗೆ. ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬಿನ ನಡುವೆ ಬಿಸಿಲು ಒಳಗೆ ಬರುತ್ತಲ್ಲ, ಅದೂ ಇದೇ ಜಾತಿಯ ಲೆಕ್ಕ.

ಎರಡು ವರ್ಷ ಜೈಪುರ:

ಅಕ್ಕ ಎಲ್ಲ ಹೇಳಿಬಿಟ್ಟಿದ್ದಾರೆ. ನಾನು ಕೆಲಸಕ್ಕೆ ಅಂತ ಅಲ್ಲಿ ಎರಡು ವರ್ಷ ಇದ್ದೆ, ಸಂಕ್ರಾಂತಿ ಬಗ್ಗೆ ಮಾತ್ರ ಸೇರಿಸ್ತೀನಿ.

14ನೇ ತಾರೀಖು ಯಾವ ಕೋಟೆಯನ್ನೂ ಇಟ್ಟುಕೊಳ್ಳಬೇಡಿ. ಅವತ್ತು ಜೈಪುರ ಇರೋದು ತಾರಸಿ ಮೇಲೆ. ಊರಿಗೆ ಊರೇ ಗಾಳಿಪಟ ಹಾರಿಸುತ್ತೆ. ಯಾರದ್ದಾದರೂ ದಾರ ಕಡಿದರೆ ಹತ್ತು ಮನೆಯಿಂದ ಒಟ್ಟಿಗೆ "ವೋ ಕಾಟಾ!" ಅಂತ ಕೂಗು. ಬೆಳಗ್ಗೆಯಿಂದ ಕತ್ತಲಾಗೋ ತನಕ ಇದೇ. ಹಳೇ ಊರಿನೊಳಗೆ ತಾರಸಿ ಇರೋ ಹೋಟೆಲ್ ಹಿಡಿಯಿರಿ. ಅಮ್ಮನಿಗೆ ಬಿಸಿಲಲ್ಲಿ ಒಂದು ಕುರ್ಚಿ, ಒಂದು ಶಾಲು. ಮೆಟ್ಟಿಲು ಒಂದೇ ಸಲ ಹತ್ತಿದರೆ ಸಾಕು. ಬೆಳಗ್ಗೆ ಎಂಟೊಂಬತ್ತು ಡಿಗ್ರಿ ಇರುತ್ತೆ, ಅಕ್ಕನ ರಜಾಯಿ ಕೊಂಡು ಹೋದರೂ ತಪ್ಪಿಲ್ಲ.

ಮಾಂಜಾ ದಾರ ಹುಷಾರು. ಮಗನ ಬೆರಳಿಗೆ ಟೇಪ್ ಸುತ್ತಿ. ಅವತ್ತು ಬೈಕ್ ಮಾತ್ರ ಹತ್ತಬೇಡಿ, ಬ್ಯಾಗು ಬ್ರದರ್, ನೀವೂ ಕೇಳಿಸ್ಕೊಳ್ಳಿ, ಕತ್ತಿಗೇ ಬರುತ್ತೆ. ಹಳೇ ಊರಿಗೆ ಮೆಟ್ರೋ ಇದೆ, ಬಡೀ ಚೌಪಡ್‌ನಲ್ಲಿ ಇಳಿದರೆ ಹವಾ ಮಹಲ್ ಪಕ್ಕದಲ್ಲೇ. ನಮ್ಮ ಚಿಕ್ಕಪೇಟೆ ಸ್ಟೇಷನ್ ಥರ, ಮೇಲೆ ಬಂದ ತಕ್ಷಣ ಬಜಾರು.

ಹಬ್ಬದ ಬಗ್ಗೆ ಅಮ್ಮನಿಗೆ ಹೇಳಿ: ಅಲ್ಲೂ ಅವತ್ತು ಎಳ್ಳೇ. ಎಳ್ಳುಂಡೆ ಹಂಚ್ತಾರೆ. ಫೀಣಿ ಅಂತ ಒಂದು ಸಿಗುತ್ತೆ, ಕೂದಲೆಳೆ ಶಾವಿಗೆ ಥರ, ನಮ್ಮ ಚಿರೋಟಿಯ ದೂರದ ನೆಂಟ. ಬಿಸಿ ಹಾಲಿಗೆ ಹಾಕಿ ತಿನ್ನೋದು. ನಾನು ಮೊದಲ ವರ್ಷ ಮನೆಯಿಂದ ಬಂದ ಎಳ್ಳುಬೆಲ್ಲವನ್ನು ಪಕ್ಕದ ತಾರಸಿಯವರಿಗೆ ಕೊಟ್ಟೆ. ಕೊಬ್ಬರಿ ಯಾಕೆ, ಕಡಲೆ ಯಾಕೆ ಅಂತ ಒಂದೊಂದನ್ನೂ ಬೇರೆ ಮಾಡಿ ತಿಂದು ನೋಡಿದರು. ಆಮೇಲೆ ಸಂಜೆ ತನಕ ನನ್ನ ಪಟ ಕಡಿಯಲಿಲ್ಲ. ಎರಡು ಡಬ್ಬಿ ಜಾಸ್ತಿ ತಗೊಂಡು ಹೋಗಿ.

ನಾಗರಬಾವಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಟ್ರಾವೆಲ್ಸ್‌ನವರಿಗೆ ಫೋನ್ ಮಾಡಿ ಕಾರ್ ಒಂದೇ ಸಾಕು ಅಂದೆ, ಬೇಜಾರು ಮಾಡ್ಕೊಂಡರು. 13ಕ್ಕೆ ಜಂತರ್ ಮಂತರ್ ಮಾತ್ರ. 14 ತಾರಸಿ. 15ಕ್ಕೆ ಆಮೇರ್, ಮಗನ ಫಿರಂಗಿ, ಬಳೆ ಗಲ್ಲಿ. 16 ಬೆಳಗ್ಗೆ ಹವಾ ಮಹಲ್, ವಿಮಾನ ಮಧ್ಯಾಹ್ನ.

ಅಕ್ಕನ ಬರಹವನ್ನು ಅಮ್ಮನಿಗೆ ಜೋರಾಗಿ ಓದಿದೆ. ಆನೆ ಮಂಡಿಯ ಮಾತಿಗೆ ತುಂಬ ನಕ್ಕರು. ರೂಮಲ್ಲೇ ಇರ್ತೀನಿ ಅನ್ನೋದು ನಿಂತಿದೆ. ಈಗ ಹೊಸ ಪ್ರಶ್ನೆ: ಜನವರಿ ಅಂದರೆ ಅವರೇಕಾಯಿ ಕಾಲ, ಅಲ್ಲಿ ಸೊಗಡಿನ ಅವರೇಕಾಯಿ ಸಿಗುತ್ತಾ?

ವಾಚ್ ಫ್ಯಾಕ್ಟರಿ ಮಗಳು:

ಸಿಗಲ್ಲ. 11ರ ರಾತ್ರಿಯೇ ಹಿತಕವರೆ ಸಾರು ಮಾಡಿಸಿ, ತಿಂದು ಹೊರಡಿ. ಮೇಷ್ಟ್ರೇ, ನಿಮ್ಮ 9 ನಿಮಿಷವನ್ನು ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಆ ಗಡಿಯಾರ ಸರಿಯಾಗಿದೆ, ಸೂರ್ಯನಿಗೇ ರಿಪೇರಿ ಬೇಕು" ಅಂತಿದ್ದಾಳೆ.